ವಾಮನನ ಹನ್ನೊಂದು ಅಧ್ಯಾಯಗಳು

ಕುವೈತಿನ ಅಬು ಹಲೀಫಾದಲ್ಲಿ ನನ್ನ ರೂಮಿನಲ್ಲಿದ್ದ ವಾಮನ ಕೋಟ್ಯಾನ್, ಶುವೈಖ್‌ನಲ್ಲಿ ಕಾರಿನ ಬಿಡಿಭಾಗಗಳ ಗೋಡೌನ್ ನೋಡಿಕೊಳ್ಳುತ್ತಿದ್ದ. ಒಂದೊಂದು ನಟ್ಟಿನ ಡಬ್ಬಕ್ಕೂ ನಂಬರ್ ಬರೆಯುವ ಮನುಷ್ಯ, ಆರು ವರ್ಷ ಕೂತು ಬರೆದ ತನ್ನ ಕಾದಂಬರಿಯ ಅಧ್ಯಾಯಗಳಿಗೆ ಮಾತ್ರ ನಂಬರ್ ಹಾಕಲಿಲ್ಲ. "ಓದಿದರೆ ಗೊತ್ತಾಗ್ತದೆ ಮಾರಾಯ" ಎನ್ನುವ ಜಂಬ ಬೇರೆ.

1990ರಲ್ಲಿ ಇರಾಕಿ ಸೈನ್ಯ ನುಗ್ಗಿ, ನಾವೆಲ್ಲ ಅಮ್ಮಾನ್ ದಾರಿಯಾಗಿ ಊರಿಗೆ ಹೊರಟೆವು. ಕಾದಂಬರಿಯ ದೊಡ್ಡ ಕಟ್ಟು ಕಂಡರೆ ದಾರಿಯಲ್ಲಿ ಕಿತ್ತುಕೊಂಡಾರೆಂದು ವಾಮನನಿಗೆ ಹೆದರಿಕೆ. ಊರಿಗೆ ಹೋಗುವವರ ಕೈಯಲ್ಲಿ ಕಾಗದ ಕಳಿಸುವುದು ನಮ್ಮ ರೂಢಿ ತಾನೇ? ಹನ್ನೆರಡು ಅಧ್ಯಾಯಗಳನ್ನು ಹನ್ನೆರಡು ಜನರಿಗೆ ಹಂಚಿ, ಮಂಗಳೂರಿನ ಒಂದು ವಾರಪತ್ರಿಕೆಗೆ ಮುಟ್ಟಿಸಲು ಹೇಳಿದ.

ಸಂಪಾದಕರು ಕೈಗೆ ಸಿಕ್ಕ ಕ್ರಮದಲ್ಲೇ ಅಚ್ಚು ಹಾಕಿದರು. ಕಥಾನಾಯಕ ಮೊದಲ ವಾರ ಸತ್ತ, ಮೂರನೇ ವಾರ ಮದುವೆಯಾದ, ಆಮೇಲೆ ಹುಟ್ಟಿದ. ಎಲ್ಲರಿಗಿಂತ ತಡವಾಗಿ ಊರು ಮುಟ್ಟಿದ ವಾಮನ ಜಗಳಕ್ಕೆಂದೇ ಪತ್ರಿಕೆಯ ಕಚೇರಿಗೆ ಹೋದರೆ, ಅಲ್ಲಿದ್ದ ಪ್ರೊಫೆಸರೊಬ್ಬರು ಎದ್ದು ಕೈಹಿಡಿದುಕೊಂಡರು. "ಅಮೆರಿಕದ ಹೊಸ ಕಾದಂಬರಿಕಾರರು ಬರೆಯುವುದು ಹೀಗೇ. ನಮ್ಮಲ್ಲಿ ನೀವೇ ಮೊದಲು!"

"ಹೌದು, ಬೇಕೆಂದೇ ಬರೆದದ್ದು" ಎಂದ ವಾಮನ. ಹಸಿ ಸುಳ್ಳು!

1991ರ ಕೊನೆಗೆ ಅವನು ಕುವೈತಿಗೆ ಮರಳಿದ್ದು ಜುಬ್ಬಾ ತೊಟ್ಟು. ನನ್ನ ಪಾಲಿನ ಅಧ್ಯಾಯವನ್ನು ನಾನು ಮುಟ್ಟಿಸಲು ಮರೆತೇಬಿಟ್ಟಿದ್ದೆ. ನಾಚಿಕೆಯಿಂದ ಅವನ ಮುಂದಿಟ್ಟೆ. ಪೂರ್ತಿ ಓದಿ, ಮಡಚಿ, ನನ್ನ ಸೂಟ್‌ಕೇಸಿಗೇ ವಾಪಸ್ ತುರುಕಿದ.

"ಅಲ್ಲೇ ಇರಲಿ. ಇದು ಅಚ್ಚಾದರೆ ಕಥೆ ಎಲ್ಲರಿಗೂ ಅರ್ಥ ಆಗಿಬಿಡ್ತದೆ."