ಮಗಳ ಕಿವಿಗೆ ಬೆಳ್ಳುಳ್ಳಿ ಎಣ್ಣೆ

“‘ಬದನಿಕಾಯಿ’ ಅನ್ನವ್ವಾ. ಈಗ ‘ಬ’ ಬಿಟ್ಟು ಹೇಳು,” ಎಂದರು ಜಲನಗರದ ಕ್ಲಿನಿಕ್ಕಿನ ಡಾಕ್ಟರಮ್ಮ. ಬಿಜ್ಜರಗಿ ಹಳ್ಳಿಯಿಂದ ಬಂದಿದ್ದ ನನ್ನ ಅಕ್ಕನ ಮಗಳು ರೇಣುಕಾ ಮತ್ತೆ “ಬದನಿಕಾಯಿ” ಎಂದಳು. ನಾಲ್ಕನೇ ತರಗತಿಗೆ ಬಂದರೂ ಓದು ಬಾರದೆಂದು ಅವಳನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿತ್ತು.

ಅವಳ ಕಿವಿ ಚೆನ್ನಾಗಿದೆ, ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದೇ ಕಷ್ಟ, ಇದು ಡಿಸ್ಲೆಕ್ಸಿಯಾ, ದಡ್ಡತನವಲ್ಲ, ಬೇರೆ ರೀತಿ ಕಲಿಸಿದರೆ ಓದುತ್ತಾಳೆ ಎಂದರು ಡಾಕ್ಟರಮ್ಮ.

ಪಕ್ಕದಲ್ಲಿ ಕುಳಿತಿದ್ದ ಅಕ್ಕ ಮೆಲ್ಲಗೆ ಕೇಳಿದಳು: “ಮತ್ತ ಕಿವಿ ಮಂದ ಐತಂತ ನಾ ದಿನಾ ಇಕಿ ಕಿವ್ಯಾಗ ಬಳ್ಳೊಳ್ಳಿ ಎಣ್ಣಿ ಹಾಕಿದ್ದು?”

“ನನಗ ಕೇಳಸ್ತೈತಿ ಅಂತ ಆವಾಗ್ಲೇ ಹೇಳಿದ್ನಲ್ಲ ಬೇ ಯವ್ವಾ,” ಎಂದಳು ರೇಣುಕಾ. “ನಿನಗ ಕೇಳಸಲಿಲ್ಲ.”

ಆಗ ಅಕ್ಕ ನಕ್ಕಳೋ ಅತ್ತಳೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ. ಶಾಲೆ ಬಿಡಿಸುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಸೆರಗಿನ ತುದಿಯಿಂದ ಮಗಳ ಕಿವಿಯ ಎಣ್ಣೆಯನ್ನು ಒರೆಸಿದ್ದಂತೂ ನಿಜ.