ಅಪ್ಪನ ಪಂಚೆಯ ಮೇಲೆ ಹೇಮಲತಾ

"ನಾನು ಆ ಸಿನಿಮಾದಾಗೆ ಇದ್ನೇನಪ್ಪ?"

ಹೀಗೆ ಕೇಳಿದವರು ಒಬ್ಬ ನಟಿ. ಕೇಳಿದ್ದು ತಾವೇ ನಟಿಸಿದ ಸಿನಿಮಾದ ಬಗ್ಗೆ. ಅದೂ ಯಾರನ್ನು? ಬೆಳಗ್ಗೆ ಕನ್ನಡಕ ಎಲ್ಲಿಟ್ಟೆ ಅಂತ ಮಧ್ಯಾಹ್ನದವರೆಗೆ ಹುಡುಕುವ ನನ್ನನ್ನು.

ನಡೆದದ್ದು ಇಷ್ಟು. ಚಿತ್ರದುರ್ಗದಲ್ಲಿ ಗೆಳೆಯ ರುದ್ರೇಶ ಒಂದು ಸಣ್ಣ ಸಂಘ ನಡೆಸುತ್ತಾನೆ. ಹಳೆಯ ಕಲಾವಿದರನ್ನು ಹುಡುಕಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಕಳಿಸುವುದು ಸಂಘದ ಕೆಲಸ. ಈ ಸಲದ ಸನ್ಮಾನ ಹೇಮಲತಮ್ಮನವರಿಗೆ. "ಪರಿಚಯ ನೀನು ಬರೀ, ನಾನು ಓದ್ತೀನಿ. ಒಂದೇ ಪುಟ. ನಿನ್ನ ಅನುಮಾನಗಳನ್ನೆಲ್ಲ ಅದ್ರಾಗೆ ತುರುಕಬೇಡ" ಅಂದ.

ಅವನ ಎಚ್ಚರಿಕೆ ಸರಿಯಾಗಿಯೇ ಇದೆ. ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದ ಮೇಲೆ ನನಗೆ ಅಂಟಿಕೊಂಡ ಚಟವೊಂದಿದೆ. ಯಾರು ಏನು ಹೇಳಿದರೂ "ಆಧಾರ ಏನು?" ಅನ್ನುತ್ತೇನೆ. (ಮದುವೆಮನೆಗಳಲ್ಲಿ ನನ್ನ ಪಕ್ಕ ಕೂರಲು ಜನ ಹಿಂದೇಟು ಹಾಕುತ್ತಾರೆ.)

ಸರಿ, ಜೋಗಿಮಟ್ಟಿ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಅವರ ಮನೆಗೆ ಹೋದೆ. ಪುಟ್ಟ ಮನೆ. ಬಾಗಿಲಲ್ಲಿ ನಿಂತರೆ ದೂರದ ಬೆಟ್ಟ ಬಿಸಿಲಲ್ಲಿ ಕರಗುತ್ತಿರುವಂತೆ ಕಾಣುತ್ತದೆ. ಮಗಳು ಉಮಾ ಚಾಪೆ ಹಾಸಿದರು.

"ಬರ್ರಿ, ಕುಂತ್ಕಳ್ರಿ" ಅಂದರು ಹೇಮಲತಮ್ಮ. ಅಂದು, ಒಂದು ಸಲ ಕೆಮ್ಮಿದರು.

ಆ ಕೆಮ್ಮು ನನಗೆ ಗೊತ್ತು! ನಿಮಗೂ ಗೊತ್ತು. ಸಂಜೆ ಸೀರಿಯಲ್‌ನಲ್ಲಿ ಮಂಚದ ಮೇಲೆ ಮಲಗಿ, ಆಸ್ತಿ ಯಾರಿಗೆ ಅಂತ ಹೇಳುವ ಮೊದಲೇ ಕೆಮ್ಮು ಬಂದು ಎಪಿಸೋಡ್ ಮುಗಿಸುವ ಅಜ್ಜಿ ಇವರೇ.

"ಹೆದರ್ಕಬೇಡ್ರಿ, ಸುಮ್ನೆ ಕೆಮ್ಮಿದ್ದು" ಅಂದರು. "ಹಂಗೆ ಕೆಮ್ಮಿದ್ರೇ ಜನಕ್ಕೆ ಗುರ್ತು ಸಿಗೋದು. ಹಣ್ಣಿನಂಗಡಿಯೋನು 'ಅಜ್ಜಿ, ಸಾಯೋದು ಯಾವಾಗ?' ಅಂತ ಕೇಳ್ತಾನೆ. ಕತೆಯಾಗೆ ಕಣಪ್ಪ. ಅವನಿಗೂ ಪಾಪ, ಕುತೂಹಲ."

ಮಾತು ಹಿಂದಕ್ಕೆ ಹರಿಯಿತು. ಹುಟ್ಟಿದ್ದು ಬಾಗೂರಿನಲ್ಲಿ, ಹೆಸರು ತಿಪ್ಪಮ್ಮ. ಸೋದರತ್ತೆಯ ಜೊತೆ ನಾಟಕ ಕಂಪನಿಗೆ ಸೇರಿದಾಗ ಮಾಲೀಕರು ಮುಖ ನೋಡಿ, "ಈ ಹೆಸರು ಬೋರ್ಡಿನ ಮೇಲೆ ನಿಲ್ಲೋದಿಲ್ಲ" ಅಂದು ಹೇಮಲತಾ ಮಾಡಿದರಂತೆ. ಅದೇ ಕಂಪನಿಯ ಹಾಸ್ಯನಟ ಮಲ್ಲಣ್ಣ ಅವರ ಗಂಡ. ಈಗಿಲ್ಲ. ಕಂಪನಿ ಮುಚ್ಚಿದ ಮೇಲೆ ಹಳ್ಳಿ ನಾಟಕಗಳು. ಹಿರಿಯೂರು, ಹೊಸದುರ್ಗದ ಕಡೆ ಊರಿನ ಗಂಡಸರೇ ನಾಟಕ ಆಡುತ್ತಾರೆ, ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಇವರು ಸಂಜೆ ಬಸ್ಸಿಗೆ ಬ್ಯಾಗ್ ಹಿಡಿದು ಇಳಿಯುವುದು. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕೂತು ಹಾಡು ಕೂಡಿಸಿಕೊಳ್ಳುವುದು. ಆಮೇಲೆ ಆವತ್ತೇ ಮೊದಲ ಸಲ ಕಂಡ ಮನುಷ್ಯನನ್ನು "ಪ್ರಾಣನಾಥಾ" ಅನ್ನುವುದು.

"ಪ್ರಾಣನಾಥ ರೇಷನ್ ಅಂಗಡಿಯೋನು. ನನ್ನ ಮುಖ ನೋಡಿದ್ದೇ ಮಾತು ಮರ್ತ. ಸೆರಗು ಮುಖಕ್ಕೆ ಹಿಡಿದು ಅಳ್ತಾ ಅಳ್ತಾ ಒಳಗಿಂದ ಅವನ ಮಾತೂ ನಾನೇ ಹೇಳ್ಕೊಟ್ಟೆ. ಜನ, ಎಷ್ಟು ಚೆಂದ ಅಳ್ತಾಳೆ ನೋಡು ಅಂದ್ರು."

ನಾನು ನಗುತ್ತಾ ಬರೆದುಕೊಳ್ಳುತ್ತಿದ್ದೆ. "ಹಾಗಾದ್ರೆ ರಂಗಭೂಮಿ, ಚಲನಚಿತ್ರ, ಕಿರುತೆರೆ" ಅಂದೆ.

"ಸಿನಿಮಾ ಬ್ಯಾಡ" ಅಂದರು. ತಟ್ಟನೆ. "ನಾಟಕ ಬರೀರಿ, ಸೀರಿಯಲ್ ಬರೀರಿ. ಇಲ್ಲದ್ದು ಬ್ಯಾಡ."

ಉಮಾ ಒಳಗಿನಿಂದಲೇ, "ಅವ್ವಂಗೆ ಆ ಸಿನಿಮಾದ ಸುದ್ದಿ ಎತ್ತಬೇಡ್ರಿ ಸಾರ್. ಮೂರು ದಿನ ಊಟ ಸೇರಲ್ಲ" ಅಂದರು.

ಆದರೆ ನಾನು ಎತ್ತಿಯಾಗಿತ್ತು. ಯಾಕೆಂದರೆ ನನಗೆ ಆ ದೃಶ್ಯ ನೆನಪಿತ್ತು. ಸಿನಿಮಾದ ಹೆಸರು ಬೇಡ, ಅದು ಓಡಲಿಲ್ಲ. ಚಿತ್ರದುರ್ಗದ ಬಂಡೆಗಳ ನಡುವೆ ತೆಗೆದದ್ದು. ಎತ್ತರದ ಬಂಡೆ, ಮೇಲೊಬ್ಬ ಕುರಿ ಕಾಯುವ ಹೆಣ್ಣು, ಗಾಳಿಗೆ ಹಾರುವ ಕೂದಲು, ಮುಂದಕ್ಕೆ ಚಾಚಿದ ಕೈ. ಹೊಳಲ್ಕೆರೆಯ ಟೆಂಟಿನಲ್ಲಿ ನೋಡಿದ್ದೆ. ಅದು ಅವರೇ ಅಂತ ರುದ್ರೇಶ ಹೇಳಿದಾಗಲೇ ಮೈ ಜುಮ್ ಅಂದಿತ್ತು. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಆಗ ಅವರು ಕೇಳಿದ್ದು ಆ ಪ್ರಶ್ನೆ. ನಾನು ಇದ್ನೇನಪ್ಪ?

"ಇದ್ರಿ. ನಾನೇ ನೋಡಿದೀನಿ."

"ಏನಂದೆ ನಾನು ಅದ್ರಾಗೆ?"

ಏನಂದರು? ಬಂಡೆ ಇದೆ, ಗಾಳಿ ಇದೆ, ತುಟಿಗಳೂ ಸ್ವಲ್ಪ ತೆರೆದಿವೆ. ಮಾತೇ ಇಲ್ಲ. ನೀರಿನಡಿಯಿಂದ ಯಾರನ್ನೋ ನೋಡಿದ ಹಾಗೆ.

"ಮಾತು... ನೆನಪಿಲ್ಲ."

ಅವರ ಮುಖದಲ್ಲಿ ಹತ್ತಿದ್ದ ದೀಪ ಸಣ್ಣಗಾಯಿತು. "ಟೆಂಟ್‌ನಾಗೆ ನಿಮ್ಮ ಕಿವಿ ಎಲ್ಲಿಟ್ಟಿದ್ರಿ? ಹೋಗ್ಲಿ ಬಿಡ್ರಿ. ಮುದುಕಿ ಅಂತ ಸಮಾಧಾನಕ್ಕೆ ಹೇಳಿದ್ರಿ." ಆಮೇಲೆ ಮೆಲ್ಲಗೆ ಹೇಳಿದರು. ಆ ಸಿನಿಮಾ ಹೊಸದುರ್ಗಕ್ಕೆ ಬಂದಾಗ ಕಂಪನಿಯವರನ್ನೆಲ್ಲ ಕಟ್ಟಿಕೊಂಡು ಹೋಗಿದ್ದರಂತೆ. ಬಂಡೆ ಬಂತು, ಹೀರೋ ಬಂದ. ಮರುಕ್ಷಣ ಅವನು ಬೇರೆ ಯಾವುದೋ ಊರಿನಲ್ಲಿದ್ದ. ಇವರು ಇಲ್ಲವೇ ಇಲ್ಲ. "ಕ್ಯಾಮೆರಾದಾಗೆ ಫಿಲ್ಮೇ ಹಾಕಿರ್ಲಿಲ್ಲ ಕಣೆ, ಸುಮ್ನೆ ತಿರುಗ್ಸಿ ಕಳಿಸಿದಾರೆ" ಅಂತ ಮಲ್ಲಣ್ಣ ಟೆಂಟೆಲ್ಲ ಕೇಳುವ ಹಾಗೆ ಅಂದರಂತೆ. ಎಲ್ಲರೂ ನಕ್ಕರು. ಇವರೂ ನಕ್ಕರು. ಆ ಜೋಕು ಅವರ ಸಂಸಾರದುದ್ದಕ್ಕೂ ಬಾಳಿತು.

ಊರಿಗೆ ವಾಪಸು ಹೊರಟು, ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಸಂಜೆ ಬಿಸಿಲು, ಹಿಂದಕ್ಕೆ ಓಡುವ ಮರಗಳು. ನಾನು ನಿಜಕ್ಕೂ ನೋಡಿದ್ದೆನೆ? ನಿಮಗೂ ಹೀಗಾಗಿರಬೇಕು. ಅಜ್ಜ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು ನೆನಪಿದೆ ಅನ್ನುತ್ತೇವೆ. ಆ ನೆನಪಿನಲ್ಲಿ ಅಜ್ಜನೂ ಕಾಣುತ್ತಾನೆ, ಹೆಗಲ ಮೇಲಿನ ಮಗುವೂ ಕಾಣುತ್ತದೆ. ಹೆಗಲ ಮೇಲೆ ಕೂತವನಿಗೆ ತಾನು ಕಾಣುವುದು ಹೇಗೆ? ನಾವು ನೆನಪು ಅಂದುಕೊಂಡದ್ದರಲ್ಲಿ ಎಷ್ಟು ಫೋಟೋ, ಎಷ್ಟು ಅಮ್ಮನ ಮಾತು, ಎಷ್ಟು ನಿದ್ದೆ?

ಹಿರಿಯೂರಿನಲ್ಲಿರುವ ಅಕ್ಕ ಸುಶೀಲಳಿಗೆ ಫೋನ್ ಹಚ್ಚಿದೆ.

"ಲೇ, ಆ ಸಿನಿಮಾಕ್ಕೆ ನೀನೆಲ್ಲಿ ಬಂದಿದ್ದೆ?" ಅಂದಳು.

"ಟೆಂಟಿಗೆ ನಾವೆಲ್ಲ ಹೋಗಿದ್ವಲ್ಲ?"

"ನಾನು, ಅಪ್ಪ ಹೋಗಿದ್ವಿ. ಮೊದಲ್ನೇ ದಿನ. ನಿಂಗೆ ಮೈಮೇಲೆ ಅಮ್ಮ ಎದ್ದಿತ್ತು. ಬೇವಿನಸೊಪ್ಪಿನ ಮೇಲೆ ಮಲಗಿ, ನನ್ನೂ ಕರ್ಕಂಡು ಹೋಗ್ರಿ ಅಂತ ಅಳ್ತಿದ್ದೆ. ಎಂಥಾ ಇತಿಹಾಸ ಓದಿದ್ಯೋ ನೀನು."

"ಮತ್ತೆ ಆ ಬಂಡೆ? ಆ ಹೆಂಗಸು?"

"ಅದು ಪಂಚೆ ಮೇಲೆ ನೋಡಿದ್ದು ಕಣೋ. ಅಪ್ಪನ ಪಂಚೆ."

ಪಂಚೆ ಅಂದದ್ದೇ ತಡ, ಕೋಣೆಯೊಂದು ನಿಧಾನವಾಗಿ ತೆರೆದುಕೊಂಡಿತು. ಮುಚ್ಚಿದ ಕಿಟಕಿ. ಬೇವಿನ ಕಹಿ ವಾಸನೆ. ಗೋಡೆಗೆ ಕಟ್ಟಿದ ಬಿಳಿ ಪಂಚೆ. ಅಂಗಳದಲ್ಲಿ ಅಕ್ಕ ಕನ್ನಡಿ ಹಿಡಿದು ಬಿಸಿಲನ್ನು ಬಾಗಿಲಿನೊಳಗೆ ತಳ್ಳುತ್ತಾಳೆ. ಬಾಗಿಲಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಕೆಟ್ಟ ಬಲ್ಬಿನ ಬುರುಡೆಗೆ ನೀರು ತುಂಬಿ ಮಾಡಿದ ಭೂತಗನ್ನಡಿ, ಅದರ ಮುಂದೆ ಫಿಲ್ಮಿನ ತುಂಡು. (ನಮ್ಮ ವಯಸ್ಸಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಬೈಲಿನ ಮಕ್ಕಳಿಗೆ ವಿವರಿಸಿದರೂ ನಂಬುವುದಿಲ್ಲ.) ತುಂಡನ್ನು ತಲೆಕೆಳಗು ಮಾಡಿ ಹಿಡಿದರೆ ಚಿತ್ರ ನೆಟ್ಟಗೆ ಬೀಳುತ್ತದೆ. ಅಕ್ಕನಿಗೆ ಅದು ಮರೆತುಹೋಗಿ, ಆ ಹೆಂಗಸು ಎಷ್ಟೋ ಹೊತ್ತು ಬಂಡೆಯಿಂದ ಬಾವಲಿಯಂತೆ ಜೋತಾಡಿದ್ದಳು. ಆಮೇಲೆ ನೆಟ್ಟಗಾದಳು. ಪಂಚೆ ಗಾಳಿಗೆ ಅಲುಗಿತು. ಅವಳು ಉಸಿರಾಡಿದಳು.

ಜ್ವರದಲ್ಲಿದ್ದ ನನಗೆ ಅದೇ ಸಿನಿಮಾ.

"ಆ ತುಂಡು ನಿಂಗೆಲ್ಲಿ ಸಿಕ್ತು?" ಅಂದೆ.

"ಟೆಂಟಿನ ಹಿಂದೆ. ಮೊದಲ್ನೇ ದಿನ ಆಟ ಉದ್ದ ಆಗಿ ಹಳ್ಳಿಯೋರ ಕೊನೇ ಬಸ್ಸು ತಪ್ಪಿತ್ತು. ಜನ ಗಲಾಟೆ ಮಾಡಿದ್ರು. ಮಾರನೇ ದಿನ ಟೆಂಟಿನೋನು ಅಲ್ಲಲ್ಲಿ ಕತ್ತರಿಸಿ ಎಸೆದಿದ್ದ. ಫೈಟಿಂಗ್ ಕತ್ತರಿಸಿದ್ರೆ ಕುರ್ಚಿ ಮುರೀತಾರೆ. ಸಣ್ಣಪುಟ್ಟೋರ ಸೀನೇ ತಾನೆ ಹೋಗೋದು? ಆಮೇಲೆ ಅದೇ ಪೆಟ್ಟಿಗೆ ಹೊಸದುರ್ಗಕ್ಕೆ ಹೋಯ್ತು."

ಯೋಚಿಸಿ. ಅಲ್ಲಿ ಹೊಸದುರ್ಗದ ಟೆಂಟಿನಲ್ಲಿ ಒಬ್ಬ ನಟಿ ತನಗಾಗಿ ಕಾಯುತ್ತಾ ಕೂತಿದ್ದಾಳೆ. ಇಲ್ಲಿ ನಮ್ಮ ಮನೆಯ ಕೋಣೆಯಲ್ಲಿ, ಅಪ್ಪನ ಪಂಚೆಯ ಮೇಲೆ, ಅವಳು ನಿಂತಿದ್ದಾಳೆ.

ಮರುದಿನವೇ ಮತ್ತೆ ಜೋಗಿಮಟ್ಟಿ ರಸ್ತೆ ಹಿಡಿದೆ. ಹೇಮಲತಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಬೇವಿನಸೊಪ್ಪು, ಬಲ್ಬು, ಬಸ್ಸು. "ಅದಕ್ಕೇ ನನಗೆ ನಿಮ್ಮ ಮಾತು ಕೇಳಿಸಿಲ್ಲ. ಆದ್ರೆ ಒಂದು ಹೇಳ್ತೀನಿ. ಸಿನಿಮಾದಲ್ಲಿ ಯಾರೂ ನಮ್ಮನ್ನ ನೋಡಲ್ಲ. ಅವರವರೇ ನೋಡ್ಕೊಂಡು ಮಾತಾಡ್ತಾರೆ. ನೀವೊಬ್ಬರೇ ನನ್ನನ್ನ ನೋಡಿದ್ದು. ಚಾಪೆಯಿಂದ ಉರುಳಿ ಗೋಡೆ ಕಡೆ ಹೋದೆ. ಅಲ್ಲೂ ನೋಡ್ತಿದ್ರಿ."

ಅವರ ಕೈ ನಿಂತಿತು.

"ನಾನು ಕ್ಯಾಮೆರಾ ನೋಡ್ತಿದ್ನಾ?"

"ನೆಟ್ಟಗೆ."

ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಆಮೇಲೆ, "ಅದಕ್ಕೇ ಬೈದಿದ್ದು ಡೈರೆಕ್ಟ್ರು" ಅಂದರು. "ಹೀರೋನ ನೋಡಿ ಮಾತಾಡಮ್ಮ, ಕ್ಯಾಮೆರಾ ನೋಡಬ್ಯಾಡ ಅಂದ್ರು. ನಂಗೆ ಎಲ್ಲಿ ಬರ್ತೈತೆ? ಕಂಪನಿ ಮಾಲೀಕರು ಕಲಿಸಿದ್ದೇ ಹಂಗೆ. ಪಕ್ಕದಾಗೆ ಪ್ರಾಣನಾಥ ಇದ್ರೂ ಮಾತು ಹಿಂದಿನ ಸಾಲಿನೋರಿಗೆ ಹೇಳ್ಬೇಕು, ಅವ್ರೂ ದುಡ್ಡು ಕೊಟ್ಟೇ ಬಂದಿರೋದು ಅಂತ. ಆ ಬಂಡೆ ಮೇಲೆ ಸಾಲೇ ಇಲ್ಲ. ಇರೋದು ಆ ಒಂದು ಗಾಜಿನ ಕಣ್ಣು. ನಾನು ಅದಕ್ಕೇ ಹೇಳಿದೆ. ಬೈದ್ರು. ಇನ್ನೊಂದ್ಸಲ ಮಾಡಿಸ್ಲೂ ಇಲ್ಲ. ಸಾಕು ನಡಿ ಅಂದ್ರು."

ಉಮಾ ಬಾಗಿಲಿಗೆ ಬಂದು ನಿಂತಿದ್ದರು. "ಅವ್ವ, ಇದನ್ನ ಯಾವತ್ತೂ ಹೇಳಿಲ್ವಲ್ಲ ನೀನು."

"ಬೈಸ್ಕಂಡಿದ್ದನ್ನ ಯಾರು ಹೇಳ್ಕಂತಾರೆ? ನಿಮ್ಮಪ್ಪ ಫಿಲ್ಮೇ ಇರ್ಲಿಲ್ಲ ಅಂತ ನಗಿಸೋರು. ನಂಗೆ ಅದೇ ವಾಸಿ ಅನ್ಸೋದು. ಫಿಲ್ಮ್ ಇತ್ತು, ನಾನೇ ನೋಡಿ ಕೆಡಿಸಿದೆ, ಅದಕ್ಕೇ ಕಿತ್ತುಹಾಕಿದ್ರು ಅನ್ನೋದ್ಕಿಂತ." ನನ್ನ ಕಡೆ ತಿರುಗಿದರು. "ಹಂಗಾದ್ರೆ ನಾನು ಕೆಡಿಸ್ಲಿಲ್ಲ?"

"ಇಲ್ಲಮ್ಮ. ಕೆಡಿಸಿದ್ದು ಬಸ್ಸು."

ನಕ್ಕರು. ಮೊರ ಸರಿಸಿ, ಗೋಡೆ ಹಿಡಿದು ಎದ್ದು ನಿಂತರು. ಕೈ ಚಾಚಿದರು.

"ಆ ದಾರಿ ಹಿಡೀಬೇಡಿ ಸ್ವಾಮೀ! ಅತ್ತ ಹೋದವರು ಹಿಂದಿರುಗಿ ಬಂದದ್ದನ್ನು ಈ ಕಣ್ಣು ಕಂಡಿಲ್ಲ."

ಕೆಮ್ಮಿಲ್ಲ, ನಡುಕವಿಲ್ಲ. ಎದುರು ಮನೆಯ ಹೆಂಗಸು ಏನಾಯಿತೋ ಅಂತ ಹೊರಗೆ ಬಂದಳು. ನಾನು ಚಾಪೆಯ ಮೇಲೆ ಕೂತಿದ್ದೆ, ಯಾವ ಚಾಪೆಯೋ. ಎಲ್ಲಿಂದಲೋ ಬೇವಿನ ವಾಸನೆ ಬಂತು. ಇಷ್ಟು ವರ್ಷ ಮೂಕವಾಗಿದ್ದ ಚಿತ್ರಕ್ಕೆ ಮಾತು ಬಂದಿತ್ತು.

ಪರಿಚಯದಲ್ಲಿ ಹೀಗೆ ಬರೆದು ಅವರಿಗೆ ಓದಿ ತೋರಿಸಿದೆ: "ಒಂದು ಚಲನಚಿತ್ರದಲ್ಲೂ ನಟಿಸಿದ್ದಾರೆ. ಆ ದೃಶ್ಯ ಹೊಳಲ್ಕೆರೆಯಲ್ಲಿ ಒಂದು ದಿನ ಪ್ರದರ್ಶನ ಕಂಡಿತು."

ಕಡಿಮೆಯಾಯಿತೇನೋ ಅಂತ ಅಳುಕಿತ್ತು. "ಒಂದು ದಿನ ಸಾಕು" ಅಂದರು. "ನಾಟಕನೂ ಅಷ್ಟೇ ಅಲ್ವಾ?"

ಮನೆಗೆ ಬಂದ ಮೇಲೆ ನನ್ನ ಹಳೆಯ ಚಟ ಕೆರೆಯತೊಡಗಿತು. ನೆಟ್ಟಗೆ ನೋಡಿದರು ಅಂದೆನಲ್ಲ, ಆಧಾರ ಏನು? ಮುಖದ ಚಿತ್ರ ಯಾವುದಾದರೂ ನಮ್ಮನ್ನೇ ನೋಡಿದಂತೆ ಕಾಣುವುದಿಲ್ಲವೇ? ಗೋಡೆಯ ಕ್ಯಾಲೆಂಡರಿನ ದೇವರೂ ನೋಡುತ್ತಾನೆ. ಅದರ ಮೇಲೆ ಜ್ವರ ಬೇರೆ. ಆ ತುಂಡು ಮನೆ ಬದಲಿಸುವಾಗ ಎಲ್ಲಿ ಹೋಯಿತೋ. ಆದರೆ ಕ್ಯಾಮೆರಾ ನೋಡಿದ್ದನ್ನು ಅವರು ಹೇಳುವ ಮೊದಲೇ ನಾನು ಹೇಳಿದ್ದೆನಲ್ಲ? ಹೇಳಿದ್ದೆನೆ? ಉಮಾ ಅವರಿಗೆ ಫೋನ್ ಮಾಡಿ, ಮೊದಲು ಹೇಳಿದ್ದು ಯಾರು ಅಂತ ಕೇಳಿದೆ. "ನೀವೇ ಸಾರ್. ಊಟ ಆಯ್ತಾ?" ಅಂದರು.

ಭಾನುವಾರ ಬೆಳಗ್ಗೆ ಸನ್ಮಾನ. ನಾನು ಬೇಕಂತಲೇ ಕೊನೆಯ ಸಾಲಿನಲ್ಲಿ ಕೂತೆ. ರುದ್ರೇಶ ಪರಿಚಯ ಓದಿದ. ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಮುಂದೆ ಮೊಬೈಲುಗಳು ಎದ್ದವು. "ಅಮ್ಮಾ, ಇತ್ಲಾಗೆ ನೋಡ್ರಿ." "ಅಜ್ಜೀ, ಇಲ್ಲಿ." "ಒಂದ್ಸಲ ಕೆಮ್ರಿ ಅಜ್ಜಿ."

ಹೇಮಲತಮ್ಮ ಯಾವ ಮೊಬೈಲನ್ನೂ ನೋಡಲಿಲ್ಲ. ಕೈ ಮುಗಿದು, ಅವೆಲ್ಲದರ ಮೇಲಿನಿಂದ ದೃಷ್ಟಿ ಹಾಯಿಸಿ, ಹಿಂದಿನ ಸಾಲಿಗೆ ನೋಡಿದರು. ನನ್ನ ಕಡೆಗೆ. ನೆಟ್ಟಗೆ. ಸಭಾಂಗಣದ ಬಿಳಿ ಪರದೆ ಅವರ ಹಿಂದೆ ಮೆಲ್ಲಗೆ ಅಲುಗುತ್ತಿತ್ತು.

ಈ ಸಲ ಸಾಕ್ಷಿ ಬೇಕೇಬೇಕು ಅನ್ನಿಸಿತು. ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸನ್ನು, "ಅವರು ನನ್ನನ್ನೇ ನೋಡಿದ್ರು ಅಲ್ವಾ?" ಅಂತ ಕೇಳಿದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ಅಳೆದು ಅಂದರು: "ನಿಮ್ಮನ್ಯಾಕೆ ನೋಡ್ತಾರ್ರೀ? ನೋಡಿದ್ದು ನನ್ನ."