ಬಿಸಿಯಾಗದ ಎಂಜಿನ್

ಹೂವಯ್ಯ ತೀರಿಹೋಗಿ ಎರಡು ತಿಂಗಳಾಯಿತು. ಆನಂದಪುರದ ಅವನ ಗ್ಯಾರೇಜಿನ ಷಟರ್ ಎಳೆದೇ ಇದೆ. ನಾನು ಪಾಠ ಮಾಡುವ ಹೈಸ್ಕೂಲಿಗೆ ಅದರ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಅವನು ಎಂಥ ಮನುಷ್ಯ ಎಂದು ಯಾರಾದರೂ ಕೇಳಿದರೆ ಕಳೆದ ಜುಲೈನ ಒಂದು ಶನಿವಾರ ನನ್ನ ನೆನಪಿಗೆ ಬರುತ್ತದೆ.

ಅಂದು ಬೆಳಗಿನ ಶಾಲೆ ಮುಗಿಸಿ ನಾನು ಅಲ್ಲಿಗೆ ಹೋದಾಗ ನಾಗೇಂದ್ರನ ಕಾರು ನಿಂತಿತ್ತು. ನಾಗೇಂದ್ರ ಹೊಸನಗರದ ಟ್ಯಾಕ್ಸಿಯವನು, ವಾರಕ್ಕೆ ನಾಲ್ಕು ಸಲ ಹುಲಿಕಲ್ ಘಾಟಿ ಇಳಿದು ಹತ್ತುವವನು. ಹದಿನೈದು ದಿನಗಳಿಂದ ಅವನ ಕಾರಿನ ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತಿತ್ತು. ಸಾಗರದ ಪ್ರಜ್ವಲ್ ಎಂಬ ಮೆಕ್ಯಾನಿಕ್ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ತೊಳೆದು, ಆಕ್ಸಿಜನ್ ಸೆನ್ಸರನ್ನು ಬದಲಾಯಿಸಿದ್ದರೂ ವಾಸನೆ ಹೋಗಿರಲಿಲ್ಲ. ಸಿಟ್ಟಿಗೆದ್ದ ನಾಗೇಂದ್ರ ಹಿಂದಿನ ಸಂಜೆ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಟ್ಯಾಕ್ಸಿಯವರಿರುವ ವಾಟ್ಸಾಪ್ ಗುಂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದ್ದ: ಪ್ರಜ್ವಲ್ ನನ್ನ ಕಾರು ಕೆಡಿಸಿದ್ದಾನೆ, ಯಾರೂ ಅವನಲ್ಲಿಗೆ ಹೋಗಬೇಡಿ. ಬೆಳಗಾಗುವಷ್ಟರಲ್ಲಿ ಮೂವರು ಪ್ರಜ್ವಲನಲ್ಲಿ ಬಿಟ್ಟಿದ್ದ ತಮ್ಮ ಕಾರು ವಾಪಸು ಒಯ್ದಿದ್ದರು. ಪ್ರಜ್ವಲ್ ಗ್ಯಾರೇಜ್ ತೆರೆದು ಐದು ತಿಂಗಳಾಗಿತ್ತಷ್ಟೆ. ಟ್ಯಾಕ್ಸಿಯವರು ಕೈಬಿಟ್ಟರೆ ಅವನು ಬಾಗಿಲು ಹಾಕಬೇಕಿತ್ತು. ಅವನೂ ಬೈಕಿನಲ್ಲಿ ಬಂದು, ನೀರು ಸುರಿಯುವ ರೇನ್‌ಕೋಟಿನಲ್ಲೇ ನಿಂತಿದ್ದ.

"ಹೂವಯ್ಯಣ್ಣ, ನೀವೇ ನೋಡಿ. ಇವ್ನು ಎಂತ ಮಾಡಿಟ್ಟಿದ್ದಾನೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ," ಎಂದ ನಾಗೇಂದ್ರ.

"ವಾಸ್ನೆ ಇತ್ತು ಅಂತ್ಲೇ ಅಲ್ವಾ ನೀವು ನನ್ ಹತ್ರ ತಂದಿದ್ದು?" ಎಂದ ಪ್ರಜ್ವಲ್.

"ತಂದಿದ್ದು ಹೋಗ್ಲಿ ಅಂತ. ಸಾಕೋಕಲ್ಲ."

"ಇಬ್ರೂ ಸುಮ್ನಿರಿ ಮಾರಾಯ್ರ," ಎಂದ ಹೂವಯ್ಯ. "ನಾನು ಮೂಸ್ಬೇಕಾದ್ದು ಪೆಟ್ರೋಲು, ನಿಮ್ ಜಗಳ ಅಲ್ಲ."

ಅವನು ಮೊದಲು ಪೆಟ್ರೋಲ್ ಪೈಪಿನ ಒಂದೊಂದು ಜೋಡಣೆಯನ್ನೂ ಒಣ ಬಿಳಿ ಬಟ್ಟೆಯಿಂದ ಒರೆಸಿ ನೋಡಿದ. ಎಲ್ಲೂ ಸೋರಿಕೆ ಇರಲಿಲ್ಲ. ಆಮೇಲೆ ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿಟ್ಟ. ನಾಲ್ಕೂ ಮಸಿ ಹಿಡಿದಿದ್ದವು.

"ಒಂದೇ ಕಪ್ಪಾಗಿದ್ರೆ ಇಂಜೆಕ್ಟರ್ ಮೇಲೆ ಹೇಳ್ಬಹುದಿತ್ತು. ನಾಲ್ಕೂ ಒಂದೇ ಥರ ಇದೆ. ಇವನ ಕೈಕೆಲ್ಸ ಅಲ್ಲ ಅನ್ಸುತ್ತೆ."

"ಅನ್ಸಿದ್ರೆ ಸಾಕಾಗಲ್ಲ," ಎಂದ ನಾಗೇಂದ್ರ.

ಪ್ಲಗ್ಗುಗಳನ್ನು ಉಜ್ಜಿ ಹಾಕಿ, ಸ್ಕ್ಯಾನರ್ ಜೋಡಿಸಿ, ನಾಲ್ವರೂ ಕಾರು ಹತ್ತಿದೆವು. ಎಂಜಿನ್ನಿನ ಬಿಸಿ ಎಷ್ಟಿದೆಯೆಂದು ಓದುವ ಕೆಲಸ ನನ್ನದು. ಜಿಟಿಜಿಟಿ ಮಳೆಯಲ್ಲಿ ಸಾಗರದ ಕಡೆ ಹೊರಟೆವು. ಕಿಟಕಿ ಅರ್ಧ ಇಳಿಸಿದ್ದರೂ ವಾಸನೆಗೆ ತಲೆ ಸಿಡಿಯುತ್ತಿತ್ತು.

"ಎಷ್ಟು ಮೇಷ್ಟ್ರೆ?" ಎಂದು ಕಾರು ಓಡಿಸುತ್ತಿದ್ದ ಹೂವಯ್ಯ ಕೇಳಿದ.

"ಐವತ್ತೆರಡು ಡಿಗ್ರಿ."

ಎಂಬತ್ತು ದಾಟಬೇಕು ಎಂದು ಪ್ರಜ್ವಲ್ ಹಿಂದಿನಿಂದ ಹೇಳಿದ. ಆರು ಕಿಲೋಮೀಟರ್ ಹೋದ ಮೇಲೂ ಐವತ್ತೈದು. ಹೂವಯ್ಯ ಮತ್ತೆ ಕೇಳಲಿಲ್ಲ. ಕಾರು ತಿರುಗಿಸಿದ. ಸ್ಟೇರಿಂಗ್ ಹಿಡಿದ ಅವನ ಬೆರಳುಗಳು ಬಿಗಿಯಾಗಿದ್ದವು. ಮೂವತ್ತು ವರ್ಷದ ಸ್ನೇಹದಲ್ಲಿ ಅವನು ಹೆದರಿದ್ದನ್ನು ನಾನು ನೋಡಿದ್ದು ಆಗಲೇ.

ಗ್ಯಾರೇಜಿಗೆ ಬಂದು, ಎಂಜಿನ್ ತಣಿದ ಮೇಲೆ, ರೇಡಿಯೇಟರಿನ ಪೈಪು ಸೇರುವಲ್ಲಿದ್ದ ಮುಚ್ಚಳದ ಎರಡು ಬೋಲ್ಟ್ ಬಿಚ್ಚಿದ. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಅಲ್ಲಿರಬೇಕು. ಆ ಜಾಗ ಖಾಲಿಯಿತ್ತು. ಅದಿಲ್ಲದೆ ಮಳೆಗಾಲದ ಚಳಿಗೆ ಎಂಜಿನ್ ಬಿಸಿಯೇರುವುದಿಲ್ಲ. ಕಾರಿನ ಕಂಪ್ಯೂಟರು ಈಗಷ್ಟೇ ಸ್ಟಾರ್ಟ್ ಮಾಡಿದ್ದಾರೆಂದುಕೊಂಡು ಹೆಚ್ಚು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಉರಿಯದೆ ಉಳಿದದ್ದು ಸೈಲೆನ್ಸರಿನಿಂದ ಹೊರಗೆ ಬರುತ್ತದೆ.

ನಾಗೇಂದ್ರ ಪ್ರಜ್ವಲನ ಕಡೆ ತಿರುಗಿದ. "ವಾಲ್ವನ್ನೂ ಬಿಚ್ಕೊಂಡಿದ್ದೀಯ?"

ಪ್ರಜ್ವಲನ ಮುಖ ಬಿಳಿಚಿತು. ಹೂವಯ್ಯ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಕೈ ಒರೆಸಿಕೊಂಡ.

"ಅವ್ನಲ್ಲ. ಮಾರ್ಚಲ್ಲಿ ನೀನು ಸರ್ವೀಸಿಗೆ ಬಿಟ್ಟಾಗ ನಾನು ತೆಗ್ದಿದ್ದು."

"ನೀವಾ? ಯಾಕೆ?"

"ಘಾಟಿ ಹತ್ತೋವಾಗ ಎಂಜಿನ್ ಕಾಯಬಾರ್ದು ಅಂತ. ಡೀಸೆಲ್ ಜೀಪಿನ ಕಾಲದಿಂದ ಘಾಟಿ ಗಾಡಿಗೆಲ್ಲ ತೆಗೀತಾ ಬಂದೆ. ಬೇಸಿಗೇಲಿ ಗೊತ್ತಾಗ್ಲಿಲ್ಲ. ಹೇಳ್ಬೇಕು ಅಂತಾನೂ ಅನ್ಸಿರ್ಲಿಲ್ಲ."

ನಾಗೇಂದ್ರ ತಲೆ ಕೆರೆದುಕೊಂಡ. "ಹೋಗ್ಲಿ ಬಿಡಿ. ಹೊಸದು ಹಾಕಿ. ಈ ವಿಷ್ಯ ನಮ್ಮಲ್ಲೇ ಇರ್ಲಿ."

"ಗುಂಪಲ್ಲಿ ಹಾಕಿದ್ದು?" ಎಂದ ಪ್ರಜ್ವಲ್.

"ಅದು ನಾಲ್ಕು ದಿನಕ್ಕೆ ಎಲ್ರಿಗೂ ಮರ್ತುಹೋಗುತ್ತೆ."

"ಫೋನ್ ಕೊಡು ಇಲ್ಲಿ," ಎಂದ ಹೂವಯ್ಯ.

"ಹೂವಯ್ಯಣ್ಣ, ಮೂರು ತಾಲ್ಲೂಕಿನವ್ರು ಕೇಳ್ತಾರೆ. ನಿಮ್ದು ನಲವತ್ತು ವರ್ಷದ ಹೆಸ್ರು."

"ನನ್ ಮಾತು ಕೇಳ್ತಾರೆ ಅಂತ್ಲೇ ಫೋನ್ ಕೇಳ್ತಿರೋದು. ಕೊಡು."

ರೆಕಾರ್ಡಿಂಗ್ ಒತ್ತಿ ಮೊದಲ ಸಲ ಹೇಳಿದ್ದನ್ನು ಅಳಿಸಿದ. ಎರಡನೆಯ ಸಲ ಸರಿಯಾಗಿ ಹೇಳಿದ. "ನಾನು ಆನಂದಪುರದ ಹೂವಯ್ಯ. ನಾಗೇಂದ್ರನ ಕಾರು ಕೆಡ್ಸಿದ್ದು ನಾನು, ಪ್ರಜ್ವಲ್ ಅಲ್ಲ. ನಿಮ್ಮಲ್ಲಿ ಸುಮಾರು ಜನರ ಪೆಟ್ರೋಲ್ ಕಾರಿಂದು ವಾಲ್ವ್ ತೆಗ್ದಿದ್ದೀನಿ. ತನ್ನಿ, ಹಾಕ್ಕೊಡ್ತೀನಿ. ನನ್ ಮೇಲೆ ನಂಬ್ಕೆ ಹೋಗಿದ್ರೆ ಪ್ರಜ್ವಲ್ ಹತ್ರ ಹಾಕಿಸ್ಕೊಳ್ಳಿ."

ಫೋನು ಬೆಂಚಿನ ಮೇಲಿತ್ತು, ಗುಂಪಿನಿಂದ ಉತ್ತರ ಬರುವುದೇ ಎಂದು ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ಪ್ರಜ್ವಲ್ ಬೈಕ್ ಹತ್ತಿ ವಾಲ್ವ್ ತರಲು ಸಾಗರಕ್ಕೆ ಹೋದ. ಅವನು ವಾಪಸು ಬರುವ ಹೊತ್ತಿಗೆ ತೀರ್ಥಹಳ್ಳಿಯ ಕಾಂತರಾಜ್ ಒಬ್ಬನೇ ಉತ್ತರ ಹಾಕಿದ್ದ: "ಹಂಗಾದ್ರೆ ನಮ್ಮನೆಯವ್ಳು ವಾಸ್ನೆ ಅಂತ ಕಾರು ಹತ್ತದೇ ಇರೋದಕ್ಕೂ ನೀವೇ ಕಾರಣ ಅನ್ನಿ. ಸೋಮವಾರ ಪ್ರಜ್ವಲ್ ಹತ್ರ ಹೋಗ್ತೀನಿ." ಹೂವಯ್ಯ ಅದನ್ನು ಎರಡು ಸಲ ಕೇಳಿ, ಫೋನನ್ನು ಪ್ರಜ್ವಲನ ಕೈಗೆ ಕೊಟ್ಟ.

ವಾಲ್ವ್ ಹಾಕಿ ಮತ್ತೆ ಅದೇ ರಸ್ತೆಯಲ್ಲಿ ಹೋದೆವು. ಬಿಸಿ ಎಂಬತ್ತೆಂಟಕ್ಕೆ ಬಂದು ನಿಂತಿತು. ಸೈಲೆನ್ಸರಿನ ಹಿಂದೆ ಕೂತು ಮೂಸಿದ ನಾಗೇಂದ್ರ ವಾಸನೆ ಸಿಗದೆ ಎದ್ದು ಕಾರಿನ ಕಿಟಕಿ ಏರಿಸಿದ.

ಆ ಮಳೆಗಾಲದಲ್ಲಿ ಹದಿನಾಲ್ಕು ಕಾರುಗಳಿಗೆ ವಾಲ್ವ್ ಬಿತ್ತು. ಒಂಬತ್ತನ್ನು ಹಾಕಿದ್ದು ಪ್ರಜ್ವಲ್. ಆ ಕಾರಿನವರಲ್ಲಿ ಹೆಚ್ಚಿನವರು ಮತ್ತೆ ಆನಂದಪುರದಲ್ಲಿ ಕಾರು ನಿಲ್ಲಿಸಲಿಲ್ಲ. ಮಧ್ಯಾಹ್ನ ನಾನು ಹೋದಾಗ ಹೂವಯ್ಯ ಕೆಲಸವಿಲ್ಲದೆ ಪೇಪರ್ ಓದುತ್ತಿರುತ್ತಿದ್ದ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದ. ಅವನಿಗೆ ನೋವಾಗಿದೆಯೇ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.